ಮೇಜಿನಿಂದ ಪರದೆಗೆ: ಪಾತ್ರ ವಹಿಸಿ ಆಡುವ ಆಟಗಳ ಕಥೆ



ಆದಿತ್ಯವಾರ ಪೂಜೆ ಮುಗಿದ ಮೇಲೆ ಚರ್ಚ್ ಹಾಲಿನ ಹಿಂದಿನ ಕೋಣೆಯಲ್ಲಿ ನಾವು ಆರೇಳು ಮಂದಿ ಮೇಜಿನ ಸುತ್ತ ಕೂತು ದಾಳ ಹಾಕುವುದನ್ನು ನೀವು ಕಂಡಿರಬಹುದು. "ಇದೆಂಥದ್ದು, ಇಸ್ಪೀಟಾ?" ಎಂದು ಕೇಳಿದವರೂ ಇದ್ದಾರೆ. ಇಸ್ಪೀಟಲ್ಲ, ಹಣ ಕಟ್ಟುವ ಆಟವೂ ಅಲ್ಲ. ನಮ್ಮಲ್ಲಿ ಒಬ್ಬರು ಕಥೆ ನಡೆಸುತ್ತಾರೆ. ಉಳಿದವರಿಗೆ ಒಂದೊಂದು ಪಾತ್ರ: ಒಬ್ಬ ಸಿಪಾಯಿ, ಒಬ್ಬಳು ಮಂತ್ರವಾದಿನಿ, ಒಬ್ಬ ಕುಳ್ಳ ಕಮ್ಮಾರ. "ಮುಂದೆ ಬಾವಿ ಉಂಟು, ಒಳಗಿಂದ ಯಾರೋ ಅಳುವ ಸದ್ದು. ಏನು ಮಾಡುತ್ತೀರಿ?" ಎಂದು ಕಥೆ ನಡೆಸುವವರು ಕೇಳಿದರೆ ನಾವು ನಮ್ಮ ಪಾತ್ರದ ಬಾಯಲ್ಲಿ ಉತ್ತರ ಹೇಳಬೇಕು. ಕೆಲಸ ಸಾಧಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

ಎರಡು ವರ್ಷ ಹೀಗೆ ಆಡಿದೆವು. ಆಮೇಲೆ ಗುಂಪು ಚದುರಿತು. ಇಬ್ಬರು ಗಲ್ಫಿಗೆ ಹೋದರು, ಒಬ್ಬಳು ನರ್ಸಿಂಗ್ ಕೆಲಸಕ್ಕೆ ಬೆಂಗಳೂರಿಗೆ. ಆಟ ಬಿಡಲು ಮನಸ್ಸಿಲ್ಲದೆ ಎಲ್ಲರೂ ಒಂದು ಆನ್‌ಲೈನ್ ಗೇಮಿಗೆ ಸೇರಿಕೊಂಡೆವು. ಅಲ್ಲಿಯೂ ಅದೇ ಕತ್ತಿ, ಅದೇ ಕುಳ್ಳರು, ಅದೇ ಡ್ರ್ಯಾಗನ್. ಚಿತ್ರಗಳಂತೂ ನಾವು ಮೇಜಿನಲ್ಲಿ ಊಹಿಸಿಕೊಂಡದ್ದಕ್ಕಿಂತ ಎಷ್ಟೋ ಚೆಂದ. ಆದರೆ ಮೂರು ತಿಂಗಳಲ್ಲಿ ಎಲ್ಲರೂ ಒಂದೇ ಮಾತು ಹೇಳತೊಡಗಿದರು: ಇದು ನಮ್ಮ ಆಟವಲ್ಲ. ಯಾಕೆ ಅಲ್ಲ? ಈ ಎರಡು ಆಟಗಳ ಚರಿತ್ರೆ ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮೊದಲು ಒಂದು ಪರಿಚಯದ ಉದಾಹರಣೆ. ನಮ್ಮ ಕಾಸರಗೋಡಿನ ಕಡೆ ತಾಳಮದ್ದಳೆ ನೋಡದವರು ಕಡಿಮೆ. ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ, ಆ ಮಾತನ್ನು ಯಾರೂ ಮೊದಲೇ ಬರೆದುಕೊಟ್ಟಿರುವುದಿಲ್ಲ. ಎದುರಾಳಿ ಏನು ಹೇಳಿದ ಎಂಬುದರ ಮೇಲೆ ಇವನ ಉತ್ತರ. ವಾದ ಎಷ್ಟೇ ದೂರ ಹೋದರೂ ಭಾಗವತರು ಮುಂದಿನ ಪದ್ಯ ಎತ್ತಿ ಕಥೆಯನ್ನು ದಾರಿಗೆ ತರುತ್ತಾರೆ. ಮೇಜಿನ ಆಟ ಹೆಚ್ಚುಕಮ್ಮಿ ಇದೇ. ವ್ಯತ್ಯಾಸವೆಂದರೆ ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ನಮ್ಮಲ್ಲಿ ಭಾಗವತರಿಗೂ ಗೊತ್ತಿರುವುದಿಲ್ಲ. ಈ ಭಾಗವತರ ಸ್ಥಾನವನ್ನು ನೆನಪಿಡಿ, ಮುಂದಿನ ಕಥೆಯೆಲ್ಲ ಅವರದೇ.

ಆ ಸ್ಥಾನ ಹುಟ್ಟಿದ್ದು ಸೈನ್ಯದಲ್ಲಿ. 1824ರಲ್ಲಿ ಪ್ರಷ್ಯಾದ ಸೈನ್ಯಾಧಿಕಾರಿ ರೈಸ್‌ವಿಟ್ಸ್ ಎಂಬಾತ ಅಧಿಕಾರಿಗಳ ತರಬೇತಿಗಾಗಿ ಭೂಪಟದ ಮೇಲೆ ಆಡುವ ಯುದ್ಧದ ಆಟವೊಂದನ್ನು ತಯಾರಿಸಿದ. ಎರಡು ಪಕ್ಷ, ನಡುವೆ ಒಬ್ಬ ರೆಫರಿ. ಆಟಗಾರರು ರೆಫರಿಗೆ ಆಜ್ಞೆ ಕೊಡಬೇಕು, ಅವನು ದಾಳ ಹಾಕಿ, ಕೋಷ್ಟಕ ನೋಡಿ, ಏನಾಯಿತೆಂದು ಹೇಳುತ್ತಾನೆ. ಕೋಷ್ಟಕಗಳು ಬೆಳೆದು ಬೆಳೆದು ಆಟ ಲೆಕ್ಕದ ಪರೀಕ್ಷೆಯ ಹಾಗಾಯಿತು. ಆಗ 1876ರಲ್ಲಿ ಫೆರ್ಡಿ ದು ವೆರ್ನ್ವಾ ಎಂಬ ಪ್ರಷ್ಯಾದ ಅಧಿಕಾರಿ, ಅನುಭವಸ್ಥ ರೆಫರಿ ಇರುವಾಗ ಇಷ್ಟೊಂದು ಕೋಷ್ಟಕ ಯಾಕೆ, ಅವನ ವಿವೇಕವೇ ಸಾಕು ಎಂಬ ದಾರಿ ತೋರಿಸಿದ. ನಿಯಮವೋ, ನಿಯಮ ಹಿಡಿದ ಮನುಷ್ಯನೋ? ಆ ಜಗಳ ಅಂದೇ ಶುರುವಾಗಿತ್ತು.

ಈಗ ಅಮೆರಿಕದ ಮಿನೆಸೋಟಕ್ಕೆ ಬನ್ನಿ. 1960ರ ದಶಕದಲ್ಲಿ ಅಲ್ಲಿನ ಅವಳಿ ನಗರಗಳಾದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್‌ನಲ್ಲಿ ನೆಪೋಲಿಯನ್ ಕಾಲದ ಯುದ್ಧಗಳನ್ನು ಸಣ್ಣ ಸಣ್ಣ ಬೊಂಬೆ ಸೈನಿಕರನ್ನಿಟ್ಟು ಆಡುವ ಹುಡುಗರ ಗುಂಪೊಂದಿತ್ತು. ಅವರಲ್ಲಿ ಡೇವಿಡ್ ವೆಸ್ಲಿ ಎಂಬಾತ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ 1880ರ ಒಂದು ಹಳೆಯ ಪುಸ್ತಕ ಕಂಡ. ಅಮೆರಿಕದ ಸೈನ್ಯಾಧಿಕಾರಿ ಚಾರ್ಲ್ಸ್ ಟಾಟನ್ ಬರೆದ ಯುದ್ಧದಾಟದ ಕೈಪಿಡಿ ಅದು. ಆಟಗಾರ ಏನನ್ನು ಬೇಕಾದರೂ ಪ್ರಯತ್ನಿಸಬಹುದು, ಆಗುತ್ತದೋ ಇಲ್ಲವೋ ಎಂದು ರೆಫರಿ ತೀರ್ಮಾನಿಸಲಿ ಎಂಬ ವಿಚಾರ ಅದರಲ್ಲಿತ್ತು.

1969ರಲ್ಲಿ ವೆಸ್ಲಿ ಅದನ್ನು ಪರೀಕ್ಷೆಗೆ ಹಚ್ಚಿದ. ಬ್ರೌನ್‌ಸ್ಟೈನ್ ಎಂಬ ಕಲ್ಪನೆಯ ಜರ್ಮನ್ ಊರು, ಅದರತ್ತ ಎರಡು ಸೈನ್ಯಗಳು ಬರುತ್ತಿವೆ. ಸೈನ್ಯ ನಡೆಸುವವರ ಜೊತೆಗೆ, ಬಂದ ಉಳಿದ ಗೆಳೆಯರಿಗೂ ಅವನು ಒಂದೊಂದು ಪಾತ್ರ ಕೊಟ್ಟ: ಊರಿನ ಮೇಯರ್, ಬ್ಯಾಂಕಿನವ, ವಿಶ್ವವಿದ್ಯಾಲಯದ ಮುಖ್ಯಸ್ಥ, ಹೀಗೆ. ಯುದ್ಧ ಶುರುವಾಗುವ ಮೊದಲೇ ಎಲ್ಲ ಕೈಮೀರಿತು. ಆಟಗಾರರು ಮೂಲೆ ಮೂಲೆಗೆ ಹೋಗಿ ಗುಟ್ಟಾಗಿ ಸಂಚು ಹೂಡತೊಡಗಿದರು. ಇಬ್ಬರು ಬಂದು, ನಾವು ದ್ವಂದ್ವಯುದ್ಧ ಮಾಡುತ್ತೇವೆ ಎಂದರು. ಅದಕ್ಕೆ ನಿಯಮವೇ ಇರಲಿಲ್ಲ. ವೆಸ್ಲಿ ನಿಂತಲ್ಲೇ ಒಂದು ನಿಯಮ ಹುಟ್ಟಿಸಿದ. ರಾತ್ರಿಯಾಯಿತು, ಸೈನ್ಯಗಳು ಊರಿಗೆ ತಲುಪಲೇ ಇಲ್ಲ. ಆಟ ಪೂರ್ತಿ ಕೆಟ್ಟುಹೋಯಿತೆಂದು ಅವನು ತಲೆಗೆ ಕೈಹೊತ್ತು ಕೂತರೆ, ಗೆಳೆಯರು ಇನ್ನೊಮ್ಮೆ ಯಾವಾಗ ಎಂದು ಕೇಳಿದರು.

ನಮಗೆ ಈ ಇಡೀ ಚರಿತ್ರೆಯಲ್ಲಿ ಅತಿ ಇಷ್ಟವಾದ ರಾತ್ರಿ ಇದು. ತಾನು ಯೋಚಿಸಿಯೇ ಇರದ ಮಾತನ್ನು ಎದುರಿನವನು ಕೇಳಿದಾಗ ವೆಸ್ಲಿ, "ಪುಸ್ತಕದಲ್ಲಿಲ್ಲ, ಹೋಗು" ಎನ್ನಲಿಲ್ಲ. ಕೇಳಿಸಿಕೊಂಡ.

ಆ ಗೆಳೆಯರಲ್ಲೊಬ್ಬ ಡೇವ್ ಆರ್ನೆಸನ್. ಅವನು ಇದನ್ನೇ ಕೋಟೆ, ನೆಲಮಾಳಿಗೆ, ರಾಕ್ಷಸರ ಲೋಕಕ್ಕೆ ಒಯ್ದು ಬ್ಲ್ಯಾಕ್‌ಮೂರ್ ಎಂಬ ಆಟ ಕಟ್ಟಿದ. ಒಂದೇ ಪಾತ್ರ ವಾರದಿಂದ ವಾರಕ್ಕೆ ಮುಂದುವರಿದು ಬಲಿಯುವ ಕ್ರಮ ಅಲ್ಲಿ ಬೆಳೆಯಿತು. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್‌ಗೆ ಆರ್ನೆಸನ್ ಅದನ್ನು ಆಡಿಸಿ ತೋರಿಸಿದ. ಇಬ್ಬರೂ ಸೇರಿ 1974ರಲ್ಲಿ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಹೊರತಂದರು. ಮೂರು ತೆಳ್ಳಗಿನ ಪುಸ್ತಕ, ಒಂದು ಪೆಟ್ಟಿಗೆ, 10 ಡಾಲರ್. ಮೊದಲ ಮುದ್ರಣ 1,000 ಪ್ರತಿ. ಕೈಯಿಂದಲೇ ಜೋಡಿಸಿ, ಮನೆಯಿಂದಲೇ ಕಳಿಸಿದ ಸರಕು. ಅದರಲ್ಲಿ ಆಟಗಾರ ಆರಿಸಿಕೊಳ್ಳಬಹುದಾದ ಮೂರು ಬಗೆಯ ಪಾತ್ರಗಳಲ್ಲಿ ಒಂದು ಗಾಯ ವಾಸಿಮಾಡುವ ಧರ್ಮಗುರು. ಹರಿತವಾದ ಆಯುಧ ಹಿಡಿಯಬಾರದೆಂದು ಅವನಿಗೆ ಕಟ್ಟಳೆ. (ನಮ್ಮ ಗುಂಪಿನಲ್ಲಿ ಈ ಪಾತ್ರ ಯಾವಾಗಲೂ ನಮ್ಮ ಕ್ಯಾಟೆಕಿಸಂ ಟೀಚರದ್ದು. ಗದೆ ಬೀಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ.)

ಇಲ್ಲಿ ಹಿರಿಯರಿಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಇದು ಸೈತಾನನ ಆಟ ಎಂಬ ಬರಹಗಳು ಈಗಲೂ ಸಿಗುತ್ತವೆ. 1979ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಹದಿನಾರು ವರ್ಷದ ವಿದ್ಯಾರ್ಥಿಯೊಬ್ಬ ಕಾಣೆಯಾದ. ಈ ಆಟ ಆಡುತ್ತಾ ಕ್ಯಾಂಪಸ್ಸಿನ ನೆಲದಡಿಯ ಸುರಂಗದಲ್ಲಿ ಕಳೆದುಹೋಗಿದ್ದಾನೆ ಎಂದು ಪತ್ರಿಕೆಗಳು ಬರೆದವು. ಸುಮಾರು ಒಂದು ತಿಂಗಳ ನಂತರ ಹುಡುಗ ದೂರದ ಲೂಯಿಸಿಯಾನದಲ್ಲಿ ಸಿಕ್ಕಿದ. ಅವನನ್ನು ಓಡಿಸಿದ್ದು ಆಟವಲ್ಲ, ಓದಿನ ಒತ್ತಡ ಮತ್ತು ಖಿನ್ನತೆ. 1983ರಲ್ಲಿ ಪ್ಯಾಟ್ರಿಷಿಯಾ ಪುಲ್ಲಿಂಗ್ ಎಂಬ ತಾಯಿ, ಮಗನನ್ನು ಕಳಕೊಂಡ ದುಃಖದಲ್ಲಿ, ಆಟದ ವಿರುದ್ಧ ಸಂಘಟನೆಯನ್ನೇ ಕಟ್ಟಿದರು. ಮರುವರ್ಷ ಜಾಕ್ ಚಿಕ್ ಎಂಬ ಚಿತ್ರಕಾರನ ಕರಪತ್ರ ಅನೇಕ ಕ್ರೈಸ್ತ ಮನೆಗಳಿಗೆ ತಲುಪಿತು. ಆ ಪತ್ರಗಳನ್ನು ಓದಿ ಹೆದರಿದ ಎಷ್ಟು ಮನೆಗಳಿಗೆ ಗೊತ್ತಿತ್ತೋ ಏನೋ, ಗೈಗ್ಯಾಕ್ಸ್ ಯೆಹೋವನ ಸಾಕ್ಷಿಗಳ ಪಂಗಡದಲ್ಲಿದ್ದವನು. ಆಟದ ಕುಳ್ಳರೂ ಎಲ್ಫ್‌ಗಳೂ ಬಹುಮಟ್ಟಿಗೆ ಬಂದದ್ದು ಟೋಲ್ಕಿನ್ ಅವರ ಕಥೆಗಳಿಂದ, ಅವರು ಶ್ರದ್ಧಾವಂತ ಕಥೋಲಿಕರು. ಮಗನನ್ನು ಕಳಕೊಂಡ ತಾಯಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಎಲ್ಲರೂ ಪುಸ್ತಕದಲ್ಲಿ ದೆವ್ವ ಹುಡುಕುತ್ತಿದ್ದ ಆ ವರ್ಷಗಳಲ್ಲಿ, ಖಿನ್ನನಾಗಿದ್ದ ಹುಡುಗನ ಜೊತೆ ಕೂತು ಮಾತಾಡಿದವರು ಎಷ್ಟು ಮಂದಿ ಎಂದು ಕೇಳಬೇಕೆನಿಸುತ್ತದೆ.

ಆ ಗದ್ದಲಕ್ಕೆ ಮೊದಲೇ, ಮೇಜಿನ ಆಟ ಹುಟ್ಟಿ ವರ್ಷ ತುಂಬುವಷ್ಟರಲ್ಲಿ, ಕೆಲವರು ಅದನ್ನು ಕಂಪ್ಯೂಟರಿಗೆ ಒಯ್ಯತೊಡಗಿದ್ದರು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿಕೊಡುವುದಕ್ಕಾಗಿ ಪ್ಲೇಟೋ ಎಂಬ ಕಂಪ್ಯೂಟರ್ ಜಾಲವಿತ್ತು. 1975ರಲ್ಲಿ ಅದರಲ್ಲಿ 'ಪಿಎಡಿಟ್5' ಎಂಬ ನೀರಸ ಹೆಸರಿನ ಫೈಲೊಂದು ಕಾಣಿಸಿಕೊಂಡಿತು. ಅದು ಪಾಠವಲ್ಲ, ನೆಲಮಾಳಿಗೆಯ ಆಟ. ಮೇಲಿನವರು ಕಂಡಾಗ ಅಳಿಸಿಹಾಕುತ್ತಿದ್ದರು, ಅಷ್ಟರಲ್ಲಿ ಹುಡುಗರು ಇನ್ನೊಂದನ್ನು ತಯಾರಿಸುತ್ತಿದ್ದರು. ನೋಟ್ಸ್ ಪುಸ್ತಕದೊಳಗೆ ಕಾಮಿಕ್ಸ್ ಇಟ್ಟು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅದೇ ಸುಮಾರಿಗೆ ವಿಲ್ ಕ್ರೌಥರ್ ಎಂಬ ಪ್ರೋಗ್ರಾಮರ್ ಇನ್ನೊಂದು ಆಟ ಬರೆದ. ಅವನು ಗುಹೆಗಳ ಒಳಹೊಕ್ಕು ನಕ್ಷೆ ಮಾಡುವ ಹವ್ಯಾಸಿ, ಗೆಳೆಯರೊಂದಿಗೆ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುತ್ತಿದ್ದವ. ವಿಚ್ಛೇದನವಾಗಿ ಇಬ್ಬರು ಪುಟ್ಟ ಹೆಣ್ಣುಮಕ್ಕಳಿಂದ ದೂರವಾದಾಗ, ಅವರು ಬಂದಾಗ ಆಡಲೆಂದು, ಕೆಂಟಕಿಯ ಮ್ಯಾಮತ್ ಗುಹೆಯನ್ನು ನೆನಪಿಸಿಕೊಂಡು ಒಂದು ಅಕ್ಷರದ ಆಟ ಮಾಡಿದ. ಚಿತ್ರವಿಲ್ಲ. ನೀವು ಟೈಪ್ ಮಾಡಿ ಹೇಳುವುದು, ಕಂಪ್ಯೂಟರ್ ಉತ್ತರಿಸುವುದು. 'ಅಡ್ವೆಂಚರ್' ಎಂದು ಹೆಸರಾದ ಆ ಆಟ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡಿತು. ಮೂಲದಲ್ಲಿ ಅದು ಅಪ್ಪನೊಬ್ಬ ಮಕ್ಕಳಿಗಾಗಿ ಮಾಡಿದ್ದು.

ಆದರೆ ಅಲ್ಲಿ ಭಾಗವತರ ಪೀಠದಲ್ಲಿ ಯಂತ್ರ ಕೂತಿತ್ತು. ಅಪ್ಪ ಬರೆದಿಟ್ಟ ಮಾತು ಮಾತ್ರ ಅದಕ್ಕೆ ಗೊತ್ತು. ಬರೆದಿಡದ ಮಾತು ಹೇಳಿದರೆ ಅರ್ಥವಾಗಲಿಲ್ಲ ಎನ್ನುತ್ತದೆ.

ನಾವು ಆನ್‌ಲೈನ್ ಗೇಮಿನಲ್ಲಿ ಎಡವಿದ್ದೂ ಸರಿಯಾಗಿ ಇಲ್ಲೇ. ಮೇಜಿನ ಆಟದಲ್ಲಿ ಒಮ್ಮೆ ಕೋಟೆಯ ಬಾಗಿಲು ಕಾಯುವವನನ್ನು ನಮ್ಮ ಮಂತ್ರವಾದಿನಿ ಸುಮ್ಮನೆ, "ಊಟ ಆಯ್ತಾ?" ಎಂದು ಕೇಳಿದಳು. ಕಥೆ ನಡೆಸುವವರು ಒಂದು ಕ್ಷಣ ಯೋಚಿಸಿ, ಇಲ್ಲ, ಅಮ್ಮನಿಗೆ ಹುಷಾರಿಲ್ಲ, ಅದಕ್ಕೆ ಬುತ್ತಿ ಬಂದಿಲ್ಲ ಎಂದರು. ಆ ಅಮ್ಮನಿಗೆ ಔಷಧಿ ತರಲು ನಮಗೆ ಮೂರು ಆದಿತ್ಯವಾರ ಹಿಡಿಯಿತು, ಕೋಟೆಯೊಳಗಿನ ನಿಧಿ ಯಾರಿಗೂ ನೆನಪಾಗಲಿಲ್ಲ. ಆನ್‌ಲೈನಿನಲ್ಲಿಯೂ ಅಂಥದೇ ಕಾವಲುಗಾರನಿದ್ದ. ಎಷ್ಟು ಸಲ ಒತ್ತಿದರೂ ಹೇಳುವುದು ಒಂದೇ ವಾಕ್ಯ. ಅವನ ಹಿಂದೆ ಯಾರೂ ಇಲ್ಲ.

ಹಾಗಾದರೆ ಆನ್‌ಲೈನ್ ಆಟಕ್ಕೆ ಜೀವ ಎಲ್ಲಿಂದ ಬಂತು? 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ 'ಮಡ್' ಎಂಬ ಆಟ ಶುರುಮಾಡಿದ, ಸಹಪಾಠಿ ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದ. ಇದೂ ಅಕ್ಷರದ್ದೇ. ಆದರೆ ಒಂದೇ ಲೋಕದೊಳಗೆ ಒಮ್ಮೆಗೇ ಹಲವರು ಇರಬಹುದಿತ್ತು. ಯಂತ್ರಕ್ಕೆ ಅರ್ಥವಾಗದ ಮಾತು ಪಕ್ಕದಲ್ಲಿದ್ದ ಆಟಗಾರನಿಗೆ ಅರ್ಥವಾಗುತ್ತಿತ್ತು. ಬಾರ್ಟಲ್ ಮುಂದೆ 1996ರಲ್ಲಿ ಬರೆದ ಪ್ರಬಂಧದಲ್ಲಿ ಆಟಗಾರರನ್ನು ಇಸ್ಪೀಟಿನ ನಾಲ್ಕು ಬಣ್ಣಗಳಾಗಿ ವಿಂಗಡಿಸಿದ: ಗೆಲ್ಲಲು ಬಂದವರು ಡೈಮಂಡ್, ಹುಡುಕಲು ಬಂದವರು ಇಸ್ಪೇಟು, ಕೊಲ್ಲಲು ಬಂದವರು ಕಳಾವರು, ಜನರಿಗಾಗಿ ಬಂದವರು ಆಠೀನು. ಇಸ್ಪೀಟಾ ಎಂದು ಕೇಳಿದ ಹಿರಿಯರು ಪೂರ್ತಿ ತಪ್ಪೇನಲ್ಲ ನೋಡಿ!

1997ರಲ್ಲಿ ಬಂದ 'ಅಲ್ಟಿಮಾ ಆನ್‌ಲೈನ್' ಸಾವಿರಾರು ಜನರನ್ನು ಒಂದೇ ಲೋಕಕ್ಕೆ ತಂದಿತು. ಅದನ್ನು ಕಟ್ಟಿದವರು ಕಾಡಿನ ಇಡೀ ಜೀವಸರಪಣಿಯನ್ನೇ ಪ್ರೋಗ್ರಾಂ ಮಾಡಿದ್ದರು. ಹುಲ್ಲು ತಿನ್ನುವ ಪ್ರಾಣಿ, ಅದನ್ನು ತಿನ್ನುವ ತೋಳ. ಜನ ಒಳಗೆ ಬಂದದ್ದೇ ತಡ, ಕಂಡ ಪ್ರಾಣಿಯನ್ನೆಲ್ಲ ಕೊಂದು ಮುಗಿಸಿದರು. ಸರಪಣಿ ಕೆಲಸ ಮಾಡುತ್ತಿದೆಯೇ ಎಂದು ನೋಡಲೂ ಪ್ರಾಣಿ ಉಳಿಯಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ, ಪರೀಕ್ಷೆಯ ಹಂತದಲ್ಲಿ, ಆಟದ ನಿರ್ಮಾಪಕ ರಿಚರ್ಡ್ ಗ್ಯಾರಿಯಟ್ 'ಲಾರ್ಡ್ ಬ್ರಿಟಿಷ್' ಎಂಬ ರಾಜನಾಗಿ ಪ್ರಜೆಗಳ ಮುಂದೆ ಬಂದು ನಿಂತ. ಸರ್ವರ್ ಒಮ್ಮೆ ನಿಂತು ಮತ್ತೆ ಶುರುವಾಗಿತ್ತು, ತನಗೆ ಸಾವು ಬಾರದಂತೆ ಮಾಡುವ ಸ್ವಿಚ್ಚನ್ನು ಮತ್ತೆ ಹಾಕಲು ಅವನು ಮರೆತಿದ್ದ. ಗುಂಪಿನಲ್ಲಿದ್ದ ಒಬ್ಬ ಆಟಗಾರ ಕದ್ದ ಮಂತ್ರವೊಂದನ್ನು ಎಸೆದ. ರಾಜ ಸತ್ತುಬಿದ್ದ! ತಾನೇ ಕಟ್ಟಿದ ಲೋಕದ ನಿಯಮ ಕಟ್ಟಿದವನನ್ನೂ ಬಿಡಲಿಲ್ಲ. ನಮ್ಮ ಮೇಜಿನಲ್ಲಾಗಿದ್ದರೆ ಕಥೆ ನಡೆಸುವವರು, "ತಡಿ ಮಾರಾಯ, ಇದು ಸರಿಯಾ?" ಎಂದು ಒಂದು ಮಾತು ಕೇಳುತ್ತಿದ್ದರು. ಯಂತ್ರ ಕೇಳುವುದಿಲ್ಲ.

1999ರ 'ಎವರ್‌ಕ್ವೆಸ್ಟ್', 2004ರ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಬಂದಮೇಲೆ ಇದು ದೊಡ್ಡ ವ್ಯಾಪಾರವಾಯಿತು. 2010ರಲ್ಲಿ ವಾರ್‌ಕ್ರಾಫ್ಟಿನ ಚಂದಾದಾರರು 1.2 ಕೋಟಿ ಮುಟ್ಟಿದರು. ತಿಂಗಳ ಚಂದಾ ಎಂಬುದರ ಅರ್ಥ ಸರಳ: ಆಟಗಾರ ಎಷ್ಟು ಕಾಲ ಒಳಗಿರುತ್ತಾನೋ ಅಷ್ಟು ಕಾಲ ಹಣ. ಹಾಗಾಗಿ ಆಟ ಮುಗಿಯಬಾರದು. ಒಂದು ಕತ್ತಿ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದು ಇನ್ನೆಲ್ಲೋ ಇರಬೇಕು, ಅದು ಸಿಗಲು ಒಂದೇ ಕೆಲಸವನ್ನು ನೂರು ಸಲ ಮಾಡಬೇಕು. ಎವರ್‌ಕ್ವೆಸ್ಟಿಗೆ ಆಟಗಾರರೇ ಮಾದಕದ್ರವ್ಯದ ಅಡ್ಡಹೆಸರು ಇಟ್ಟಿದ್ದರು. ನಮ್ಮ ಮೇಜಿನ ಆಟಕ್ಕೆ ಕೊನೆ ಇರುತ್ತದೆ. ಹಾಲಿನ ಬೀಗ ಹಾಕಲು ಬರುತ್ತಾರೆ, ಊಟಕ್ಕೆ ಮನೆಯಿಂದ ಫೋನ್ ಬರುತ್ತದೆ. ಆನ್‌ಲೈನಿನಲ್ಲಿ ಬೀಗ ಹಾಕುವವರಿಲ್ಲ. ಮುಚ್ಚಿಡದೆ ಹೇಳುತ್ತೇವೆ, ನಮ್ಮಲ್ಲೊಬ್ಬ ರಾತ್ರಿ ಎರಡು ಗಂಟೆಯವರೆಗೆ ಕೂತು ಕೂತು ಒಂದು ಸೆಮಿಸ್ಟರಿನ ಎರಡು ಪೇಪರ್ ಕಳಕೊಂಡ. ಅವನ ಅಪ್ಪ ಸಿಟ್ಟಿನಿಂದ ಕೇಳಿದ ಪ್ರಶ್ನೆ ನಮ್ಮೆಲ್ಲರಿಗೂ ತಾಗಿತು: "ಅರ್ಧರಾತ್ರಿ ಯಾರೊಟ್ಟಿಗೆ ಮಾತಾಡ್ತಿ ನೀನು? ಅಲ್ಲಿ ಯಾರಿದ್ದಾರೆ?"

ಅಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಗೆ ನಮಗೆ ಸಿಕ್ಕಿದ ಒಂದು ಉತ್ತರ ನಾರ್ವೆ ದೇಶದ್ದು.

ಮಾಟ್ಸ್ ಸ್ಟೀನ್ 1989ರಲ್ಲಿ ಹುಟ್ಟಿದ ಹುಡುಗ. ಅವನಿಗೆ ಡುಶೆನ್ ಎಂಬ ಸ್ನಾಯುಕ್ಷಯದ ಕಾಯಿಲೆ. ನಡಿಗೆ ಹೋಯಿತು, ಗಾಲಿಕುರ್ಚಿ ಬಂತು, ಕೊನೆಗೆ ಕೈಬೆರಳು ಅಷ್ಟಿಷ್ಟು ಆಡುತ್ತಿತ್ತು. ಮನೆಯ ಕೆಳ ಅಂತಸ್ತಿನಲ್ಲಿ ಹಗಲಿರುಳು ವಾರ್‌ಕ್ರಾಫ್ಟ್ ಆಡುತ್ತಿದ್ದ. ತಂದೆ ತಾಯಿ ಅವನನ್ನು ಪ್ರೀತಿಯಿಂದ ನೋಡಿಕೊಂಡರು, ಆದರೆ ಮಗನಿಗೆ ಗೆಳೆಯರಿಲ್ಲ, ಪ್ರೀತಿಯೆಂದರೇನೆಂದು ಅವನು ಅರಿಯಲಿಲ್ಲ, ಯಾರ ಬದುಕಿಗೂ ಒದಗಲಿಲ್ಲ ಎಂಬ ಕೊರಗು ಅವರಿಗಿತ್ತು. 2014ರ ನವೆಂಬರಿನಲ್ಲಿ, 25ನೆಯ ವಯಸ್ಸಿನಲ್ಲಿ, ಮಾಟ್ಸ್ ತೀರಿಕೊಂಡ. ಅವನು ಬ್ಲಾಗ್ ಬರೆಯುತ್ತಿದ್ದ, ಅದರ ಪಾಸ್‌ವರ್ಡ್ ಬಿಟ್ಟುಹೋಗಿದ್ದ. ತಂದೆ ಅದರಲ್ಲಿ ಮಗನ ಸಾವಿನ ಸುದ್ದಿ ಬರೆದು ತನ್ನ ಇಮೇಲ್ ವಿಳಾಸ ಹಾಕಿದರು.

ಪತ್ರಗಳು ಬರತೊಡಗಿದವು. ಒಂದಾದ ಮೇಲೊಂದು, ಯುರೋಪಿನ ಬೇರೆ ಬೇರೆ ದೇಶಗಳಿಂದ, ಮನೆಯವರು ಹೆಸರನ್ನೇ ಕೇಳಿರದ ಜನರಿಂದ. ಆಟದಲ್ಲಿ ಅವನ ಹೆಸರು ಇಬೆಲಿನ್. ಅಗಲ ಎದೆಯ, ಓಡುವ, ಕತ್ತಿ ಹಿಡಿದ ಮನುಷ್ಯ. 'ಸ್ಟಾರ್‌ಲೈಟ್' ಎಂಬ ಗುಂಪಿನ ಸದಸ್ಯ. ಆ ಗುಂಪಿನವರು ಬರೀ ರಾಕ್ಷಸರನ್ನು ಕೊಲ್ಲಲು ಬಂದವರಲ್ಲ, ಮೇಜಿನ ಆಟದವರ ಹಾಗೆ ಪಾತ್ರವಾಗಿಯೇ ಮಾತಾಡುತ್ತಿದ್ದರು. ಯಂತ್ರ ಕೊಟ್ಟದ್ದು ಗೋಡೆ, ಮರ, ದಾರಿ ಅಷ್ಟೇ. ಕಥೆಯನ್ನು ಅವರೇ ತಂದಿದ್ದರು. ಅವರ ಮಾತುಕತೆಯ ದಾಖಲೆ 42,000 ಪುಟಗಳಷ್ಟಿತ್ತು. ಅದರ ಆಧಾರದ ಮೇಲೆ ಬೆಂಜಮಿನ್ ರೀ ಎಂಬ ನಿರ್ದೇಶಕ ಮಾಡಿದ ಸಾಕ್ಷ್ಯಚಿತ್ರ 2024ರಲ್ಲಿ ಬಂತು. ಮನೆಯವರೆಲ್ಲ ಕೂತು ನೋಡಬಹುದಾದ ಚಿತ್ರ.

ಹಾಲೆಂಡಿನ ಒಬ್ಬ ಹುಡುಗಿಯ ಕಂಪ್ಯೂಟರನ್ನು ಅವಳ ತಂದೆ ತಾಯಿ ಕಿತ್ತುಕೊಂಡಾಗ ಮಾಟ್ಸ್ ಜಗಳಕ್ಕೆ ಹೋಗಲಿಲ್ಲ. ಅವರ ಆತಂಕ ತನಗೆ ಅರ್ಥವಾಗುತ್ತದೆಂದೂ, ಗೆಳೆಯರಿಂದ ದೂರವಾದರೆ ಅವಳಿಗೆ ಕಷ್ಟವಾಗುತ್ತದೆಂದೂ ಆ ಹಿರಿಯರಿಗೇ ಪತ್ರ ಬರೆದ. ಡೆನ್ಮಾರ್ಕಿನ ಒಬ್ಬ ತಾಯಿಗೆ ಆಟಿಸಂ ಇದ್ದ ಮಗನ ಹತ್ತಿರ ಹೋಗುವುದು ಕಷ್ಟವಾಗಿತ್ತು. ಮೊದಲು ಆಟದೊಳಗೇ ಅವನನ್ನು ಅಪ್ಪಿಕೊಳ್ಳಿ ಎಂದು ಸಲಹೆ ಕೊಟ್ಟವನೂ ಇವನೇ. ತನ್ನ ಕಾಯಿಲೆಯನ್ನು ಮಾತ್ರ ಬಹುಕಾಲ ಯಾರಿಗೂ ಹೇಳಲಿಲ್ಲ. ಓಸ್ಲೋದಲ್ಲಿ ನಡೆದ ಅಂತ್ಯಕ್ರಿಯೆಗೆ ಆ ಗುಂಪಿನ ಕೆಲವರು ಬೇರೆ ಬೇರೆ ದೇಶಗಳಿಂದ ಬಂದರು. ಅವನ ಮುಖವನ್ನು ಒಮ್ಮೆಯೂ ನೇರವಾಗಿ ನೋಡದೆ ಇದ್ದವರು. ಮುಂದೆ ಅವನ ನೆನಪಿನ ದಿನ ಆಟದೊಳಗೆ ಸೇರಿ, ಅವನು ದಿನಾ ಓಡುತ್ತಿದ್ದ ದಾರಿಯಲ್ಲಿ ಒಟ್ಟಾಗಿ ಓಡಿದರು.

ಇದನ್ನು ಓದಿ ನಾವು ನಮ್ಮ ಆನ್‌ಲೈನ್ ಗೇಮಿಗೆ ಮರಳಿದೆವೇ? ಇಲ್ಲ. ಇಬೆಲಿನ್ ಸಿಕ್ಕಿದ್ದು ಆ ಗುಂಪಿನಲ್ಲಿ, ಆ ಗೇಮಿನ ಕಂಪೆನಿಯಲ್ಲಲ್ಲ. ನಮ್ಮ ಗುಂಪು ನಮ್ಮ ಹತ್ತಿರವೇ ಇತ್ತು. ತಿಂಗಳ ಚಂದಾ ನಿಲ್ಲಿಸಿ ಹಳೆಯ ದಾಳದ ಡಬ್ಬಿ ಹೊರತೆಗೆದೆವು. ಈಗ ಶನಿವಾರ ಸಂಜೆ ಏಳು ಗಂಟೆಗೆ ಹಾಲಿನ ಮೇಜಿನ ಮೇಲೆ ಗಾಯನ ಪುಸ್ತಕಗಳ ಅಟ್ಟಿಗೆ ಒರಗಿಸಿ ಫೋನ್ ಇಡುತ್ತೇವೆ. ಅದರಲ್ಲಿ ಗಲ್ಫಿನ ಇಬ್ಬರೂ ಬೆಂಗಳೂರಿನವಳೂ ಬರುತ್ತಾರೆ. ನೆಟ್‌ವರ್ಕ್ ಕೈಕೊಟ್ಟರೆ ಅವರ ಪಾತ್ರ ನಿದ್ದೆ ಹೋಯಿತೆಂದು ಲೆಕ್ಕ. ಪೇಪರ್ ಕಳಕೊಂಡವನ ಅಪ್ಪ ಹೋದ ವಾರ ಬಾಗಿಲಲ್ಲಿ ನಿಂತು ಅರ್ಧ ಗಂಟೆ ನೋಡಿದರು. ಬಾವಿಯೊಳಗೆ ಅಳುತ್ತಿದ್ದದ್ದು ಯಾರು ಎಂದು ಕೇಳಿದರು. ಗೊತ್ತಿಲ್ಲ ಅಂಕಲ್, ಹಗ್ಗ ಸಾಕಾಗಲಿಲ್ಲ ಎಂದೆವು. ಹತ್ತೂವರೆಗೆ ಹಾಲಿಗೆ ಬೀಗ ಬಿತ್ತು.